ಎರಡನೇ ಪಟ್ಟಿಯ ಹುಡುಗಿ

ನಾನು ಇಂಗ್ಲಿಷ್ ಮೇಷ್ಟ್ರು. ಮೊದಲು ಹೊನ್ನಾಳಿ ಕಡೆ ಇದ್ದೆ, ಈಗ ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನ ಆಚೆಯ ಒಂದು ಹೈಸ್ಕೂಲಿನಲ್ಲಿದ್ದೇನೆ. ಎರಡೂ ಕಡೆ ಪದ್ಧತಿ ಒಂದೇ. ಜೂನ್ ತಿಂಗಳಲ್ಲಿ ಸಣ್ಣದೊಂದು ಪರೀಕ್ಷೆ ಕೊಟ್ಟು ಹತ್ತನೇ ತರಗತಿಯ ಮಕ್ಕಳನ್ನು ಎರಡು ಪಟ್ಟಿ ಮಾಡುತ್ತೇವೆ. ಮೊದಲನೇ ಪಟ್ಟಿಯವರಿಗೆ ಇಂಗ್ಲಿಷ್ ಕಲಿಸುತ್ತೇವೆ. ಎರಡನೇ ಪಟ್ಟಿಯವರನ್ನು ಪಾಸು ಮಾಡಿಸುತ್ತೇವೆ. ಇವು ಬೇರೆ ಬೇರೆ ಕೆಲಸ ಅನ್ನುವುದು ಹೊರಗಿನವರಿಗೆ ತಿಳಿಯುವುದಿಲ್ಲ.

ಪಾಸು ಮಾಡಿಸುವುದು ಅಂದರೆ ಒಂದು ರಜಾ ಅರ್ಜಿ, ಒಂದು ಪ್ರಬಂಧ, ಎರಡು ಪದ್ಯ ಬಾಯಿಪಾಠ. ವ್ಯಾಕರಣಕ್ಕೆ ಪೂರ್ತಿ ಎಳ್ಳುನೀರು. ನಾಮಪದ ಯಾವುದು, ಕ್ರಿಯಾಪದ ಯಾವುದು ಎಂದು ಕೇಳಿ ನಾಲ್ಕು ಉತ್ತರ ಕೊಟ್ಟಿದ್ದರೆ ಕಣ್ಣು ಮುಚ್ಚಿ ‘ಬಿ’ ಬರೀರಿ ಎಂದು ಹೇಳಿಕೊಡುತ್ತೇವೆ. ಹೇಳುವಾಗ ನಗುತ್ತೇವೆ ಕೂಡ.

ಎರಡು ವರ್ಷದ ಹಿಂದೆ ಆ ಪಟ್ಟಿಯಲ್ಲಿ ಗಾದಿ ಹೊಲಿಯುವ ಮುಸ್ಲಿಂ ಮನೆಯ ಹುಡುಗಿಯೊಬ್ಬಳಿದ್ದಳು. ಅವಳಿಗೆ ನರ್ಸ್ ಆಗುವ ಆಸೆ. ಸಂಜೆ ನಾನು ಒಳಗೆ ಮೊದಲನೇ ಪಟ್ಟಿಯವರಿಗೆ ಬೋರ್ಡಿನ ಮೇಲೆ ಕ್ರಿಯಾಪದಗಳಿಗೆ ಗೆರೆ ಎಳೆದು ತೋರಿಸುತ್ತಿದ್ದರೆ, ಇವಳು ಉಳಿದವರ ಜೊತೆ ವರಾಂಡದಲ್ಲಿ ಕೂತು ರಜಾ ಅರ್ಜಿಯನ್ನು ಹತ್ತು ಹತ್ತು ಸಲ ಬರೆಯಬೇಕಿತ್ತು. ಕಿಟಕಿ ತೆರೆದೇ ಇರುತ್ತಿತ್ತು.

ಒಂದು ದಿನ ತನ್ನ ನೋಟ್‌ಬುಕ್ ತಂದು ನನ್ನ ಮುಂದೆ ಹಿಡಿದಳು. ಅರ್ಜಿಯ ಒಂದೊಂದು ವಾಕ್ಯದಲ್ಲೂ ಕ್ರಿಯಾಪದದ ಕೆಳಗೆ ಪೆನ್ಸಿಲ್ ಗೆರೆಗಳು. ಅಷ್ಟೂ ಸರಿ ಇದ್ದವು.

“ಸಾರ್, ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’ ಅಂತ ಐತಲ್ಲ, ಇದ್ರಾಗೆ ಕ್ರಿಯಾಪದ ಆ್ಯಮ್ ಒಂದೇನಾ? ಸಫರಿಂಗೂ ಸೇರಿಸ್ಬೇಕಾ?”

ಇಷ್ಟು ವರ್ಷದ ನೌಕರಿಯಲ್ಲಿ ಮೊದಲನೇ ಪಟ್ಟಿಯವರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎರಡೂ ಸೇರಿ ಒಂದೇ ಕೆಲಸ ಮಾಡುತ್ತವೆ ಕಣಮ್ಮ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪರೀಕ್ಷೆ ಹತ್ತಿರ ಬಂದಿತ್ತು. ಹೊಸದು ಕಲಿಯಲು ಹೋಗಿ ಇದ್ದದ್ದನ್ನೂ ಮರೆತಾಳು, ಒಂದು ಹುಡುಗಿಯಿಂದ ಶಾಲೆಯ ಫಲಿತಾಂಶ ಹಾಳಾದೀತು ಎಂಬ ಭಯ ನನಗೆ.

“ಅದೆಲ್ಲಾ ನಿನಗ್ಯಾಕಮ್ಮ? ಬರ್ದಿದ್ದನ್ನ ಬಾಯಿಪಾಠ ಮಾಡು, ಸಾಕು” ಅಂದೆ.

“ಆತು ಸಾರ್” ಎಂದು ಹೋದಳು. ಆಮೇಲೆ ಏನನ್ನೂ ಕೇಳಲಿಲ್ಲ. ನಾನಾಡಿದ ಆ ಮಾತನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆ ಸಲ ಇಂಗ್ಲಿಷಿನಲ್ಲಿ ಒಬ್ಬರೂ ಫೇಲಾಗಲಿಲ್ಲ. ಇಲಾಖೆಯವರು ಜಗಳೂರಿಗೆ ಕರೆಸಿ ನನಗೆ ಶಾಲು ಹೊದಿಸಿದರು. ಹುಡುಗಿಯ ಅಪ್ಪ ಪೇಡ ತಂದು, ನನ್ನ ಎರಡೂ ಕೈ ಹಿಡಿದುಕೊಂಡು, “ನಿಮ್ಮಿಂದ ಆತು ಸಾರ್” ಎಂದು ಕಣ್ಣೀರು ಹಾಕಿದ. ನಾನು ದೊಡ್ಡ ಮನುಷ್ಯನ ಹಾಗೆ ಅವನ ಬೆನ್ನು ತಟ್ಟಿದೆ.

ನರ್ಸ್ ಆಗಬೇಕಲ್ಲ, ಅವಳು ಜಗಳೂರಿನಲ್ಲಿ ಪಿಯುಸಿ ಸೈನ್ಸ್ ಸೇರಿದಳು. ಅಲ್ಲಿ ಪುಸ್ತಕವೆಲ್ಲ ಇಂಗ್ಲಿಷ್. ದಸರಾ ರಜೆಗೆ ಬಂದವಳು ಮತ್ತೆ ಕಾಲೇಜಿಗೆ ಹೋಗಲಿಲ್ಲವೆಂದು ಯಾರೋ ಹೇಳಿದರು. ಕೇಳಿಯೂ ಕೇಳದವನಂತೆ ಇದ್ದುಬಿಟ್ಟೆ.

ಈ ವರ್ಷ ಮನೆಯ ಗಾದಿಯ ಹತ್ತಿ ಗಂಟುಕಟ್ಟಿತ್ತು. ಬೇರೆ ಅಂಗಡಿ ಹತ್ತಿರದಲ್ಲಿ ಇರಲಿಲ್ಲ, ಅವಳ ಅಪ್ಪನ ಅಂಗಡಿಗೇ ಹೋದೆ. ಅವಳು ನೆಲದ ಮೇಲೆ ಕೂತು ದಬ್ಬಣದಲ್ಲಿ ಗಾದಿ ಹೊಲಿಯುತ್ತಿದ್ದಳು. ಕೂದಲಲ್ಲಿ, ಹುಬ್ಬಿನಲ್ಲಿ ಹತ್ತಿ. ಕಾಲೇಜು ಯಾಕೆ ಬಿಟ್ಟೆ ಎಂದು ಕೇಳಿದೆ.

“ಓದಿದ್ರೆ ತಿಳೀತಿರ್ಲಿಲ್ಲ ಸಾರ್. ಎಲ್ಲಾ ಬಾಯಿಪಾಠ ಮಾಡಾಕೆ ನೋಡಿದೆ. ಪುಸ್ತಕ ಬಾಳ ದೊಡ್ಡದಿತ್ತು.”

ದೂರುವ ದನಿಯಾಗಿರಲಿಲ್ಲ. ದೂರಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಭಾನುವಾರ ಬಾ, ಹೇಳಿಕೊಡ್ತೀನಿ ಅಂದೆ. “ಸೀಟು ಹೋತಲ್ಲ ಸಾರ್” ಎಂದು ದಾರ ಎಳೆದಳು.

ಅಷ್ಟರಲ್ಲಿ ಅವಳ ಅಪ್ಪ ಚಹಾ ತಂದ. “ಸಾರ್, ನಮ್ಮ ಸಣ್ಣಾಕಿ ಈ ವರ್ಷ ನಿಮ್ಮ ಹತ್ರ ಹತ್ತನೇ ಕ್ಲಾಸು. ಆಕೀನೂ ಅದೇ ಗುಂಪಿಗೆ ಹಾಕ್ರಿ. ಅಕ್ಕನಂಗೇ ಪಾಸಾಗ್ಲಿ.”

ಹುಡುಗಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಚಹಾದ ಲೋಟ ನೋಡುತ್ತಾ “ಆಗ್ಲಿ” ಅಂದೆ. ಅವಳ ತಂಗಿಯ ಹೆಸರನ್ನು ನಾನು ಜೂನ್‌ನಲ್ಲೇ ಎರಡನೇ ಪಟ್ಟಿಗೆ ಬರೆದಾಗಿತ್ತು.