ಎಡಗಾಲಿನ ಚೀಲ

ಜಿಗಿಯುವ ಮರಗಾಲುಗಳನ್ನು ಕಟ್ಟಿಕೊಂಡು ಓಡುವುದನ್ನು ನಾನು ಎಂಟು ದಿನಗಳಲ್ಲಿ ಕಲಿತೆ. ಬಿಚ್ಚಿದ ಮೇಲೆ ಅವನ್ನು ಹೊತ್ತುಕೊಂಡು ಮನೆಗೆ ಬರುವುದನ್ನು ಕಲಿಯಲು ಎರಡು ವರ್ಷ ಹಿಡಿಯಿತು. ಮರಗಾಲು ಎನ್ನುವುದು ಹೆಸರಿಗಷ್ಟೇ, ಅವುಗಳಲ್ಲಿ ಮರವೇ ಇಲ್ಲ. ಮೊಣಕಾಲಿಗೆ ಬಿಗಿಯುವ ಪಟ್ಟಿ, ಪಾದ ಊರಲು ಒಂದು ತಟ್ಟೆ, ಹಿಂದೆ ಬಿಲ್ಲಿನಂತೆ ಬಾಗಿದ ಫೈಬರ್ ತುಂಡು, ಅದರ ತುದಿಗೆ ಗೊರಸಿನಂಥ ರಬ್ಬರು. ಒಂದೊಂದೂ ನಾಲ್ಕು ಕಿಲೋ ತೂಗುತ್ತದೆ. ಕಟ್ಟಿಕೊಂಡಾಗ ಆ ತೂಕ ಗೊತ್ತೇ ಆಗುವುದಿಲ್ಲ. ಬಿಚ್ಚಿ ಗೋಡೆಗೆ ಒರಗಿಸಿದರೆ ಮಾತ್ರ ಮೈ ಇಲ್ಲದ ಯಾರೋ ಅಲ್ಲಿ ಬಂದು ನಿಂತಿದ್ದಾರೆ ಅನಿಸುತ್ತದೆ.

ನಾನು ಸಿಂಧನೂರಿನ ಒಂದು ಖಾಸಗಿ ಶಾಲೆಯಲ್ಲಿ ಆಟದ ಮೇಷ್ಟ್ರು. ಮನೆ ಮಸ್ಕಿಯಲ್ಲಿ. ಶಾಲೆಯ ವಾರ್ಷಿಕೋತ್ಸವಕ್ಕೆಂದು ಯಾರೋ ಬಳಸಿ ಬಿಟ್ಟ ಜೋಡಿಯೊಂದನ್ನು ತರಿಸಿಕೊಂಡಿದ್ದೆ. ಮಕ್ಕಳು ಕುಣಿದಾಡಿದರು, ಹೆಡ್‌ಮಾಸ್ಟರು ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ಸೀರೆ ಅಂಗಡಿ, ಮೊಬೈಲ್ ಅಂಗಡಿ ಶುರುವಾಗುವ ದಿನ ಬಾಗಿಲ ಮುಂದೆ ಜಿಗಿಯಲು ಸಿಂಧನೂರಿನಿಂದಲೂ ಲಿಂಗಸುಗೂರಿನಿಂದಲೂ ಕರೆ ಬರತೊಡಗಿದವು. ಜಿಗಿದು ಮುಗಿದ ಮೇಲೆ ಬೆವರಿಳಿಸಿಕೊಂಡು ಬಸ್ಸಿಗೆ ಕಾಯುವ ಮನುಷ್ಯನನ್ನು ಯಾರೂ ಕೇಳುವುದಿಲ್ಲ. ಅವನ ಬಗಲಲ್ಲಿರುವುದನ್ನು ಮಾತ್ರ ಎಲ್ಲರೂ ನೋಡುತ್ತಾರೆ.

ಮೊದಲು ನೈಲಾನ್ ಹಗ್ಗ ಕಟ್ಟಿ ನೋಡಿದೆ. ಎರಡನ್ನೂ ಸೇರಿಸಿ ಗಂಟು ಹಾಕಿ, ಒಂದು ಎದೆಯ ಮೇಲೆ, ಇನ್ನೊಂದು ಬೆನ್ನ ಮೇಲೆ ಬರುವಂತೆ ಹೆಗಲಿಗೆ ಹಾಕಿಕೊಂಡೆ. ಎದೆಯ ಮೇಲಿನದು ಸುಮ್ಮನಿರುತ್ತಿತ್ತು. ಬೆನ್ನ ಮೇಲಿನದು ನಾನೊಂದು ಹೆಜ್ಜೆ ಇಟ್ಟರೆ ತಾನೊಂದು ಸಲ ತೊಡೆಗೆ ಗುದ್ದುತ್ತಿತ್ತು. ಸಿಂಧನೂರಿನ ಬಸ್ ನಿಲ್ದಾಣದ ಉದ್ದಕ್ಕೂ ಒಂಟಿಕಾಲಿನವನೊಬ್ಬ ಹಿಂದೆಯೇ ಬರುತ್ತಿದ್ದಾನೆ ಅನಿಸಿ ಮೂರು ಸಲ ತಿರುಗಿ ನೋಡಿದೆ. ಬಸ್ಸು ಹತ್ತಿದರೆ ಕಂಡಕ್ಟರು ಟಿಕೆಟ್ ಕೊಡುವುದನ್ನು ನಿಲ್ಲಿಸಿದ.

"ಯಾರ್ವು ರೀ ಈ ಕಾಲು?"

"ನನ್ನವ."

ಅವನು ಬಗ್ಗಿ ನನ್ನ ಕಾಲು ನೋಡಿದ. ಎರಡೂ ಇದ್ದವು. "ಹಂಗಾರ ಮುಚ್ಚಿ ಇಟ್ಕೊರಿ. ಮಂದಿ ಅಂಜತಾರ."

ಮುಚ್ಚಿಡಲು ಹೋಗಿದ್ದೇ ತಪ್ಪಾಯಿತು. ಮುಂದಿನ ಸಲ ಯೂರಿಯಾ ಚೀಲವೊಂದಕ್ಕೆ ಎರಡನ್ನೂ ಇಳಿಸಿ, ಬಾಯಿ ಕಟ್ಟಿ, ಲಿಂಗಸುಗೂರಿನಲ್ಲಿ ಹೆಗಲಿಗೇರಿಸಿದೆ. ಬಾಗಿದ ಫೈಬರ್ ಚೀಲದೊಳಗಿಂದ ಮೊಣಕಾಲಿನ ಚಿಪ್ಪಿನಂತೆ ಉಬ್ಬಿ ನನ್ನ ಕುತ್ತಿಗೆಗೆ ಒತ್ತಿತು. ಬಸ್ ನಿಲ್ದಾಣದ ನಡುಮಧ್ಯೆ, ಸುಡುಬಿಸಿಲಿನಲ್ಲಿ, ನಾನು ನಿಂತುಬಿಟ್ಟೆ. ಇದೇ ಊರಿನಿಂದ, ಇದೇ ಹೆಗಲ ಮೇಲೆ, ಇಂಥದೇ ಚೀಲವನ್ನು ನಾನು ನಾಲ್ಕು ವರ್ಷದ ಹಿಂದೆ ಒಮ್ಮೆ ಹೊತ್ತು ತಂದಿದ್ದೆ. ಅದರಲ್ಲಿ ನನ್ನ ಅಪ್ಪನ ಎಡಗಾಲು ಇತ್ತು.

ಅಪ್ಪನಿಗೆ ಮಸ್ಕಿಯಲ್ಲಿ ಕಿರಾಣಿ ಅಂಗಡಿ. ಸಕ್ಕರೆ ಕಾಯಿಲೆ ಯಾವಾಗ ಒಳಹೊಕ್ಕಿತೋ, ಹೆಬ್ಬೆರಳಿನ ಗಾಯ ಮೇಲೇರುತ್ತ ಹೋಗಿ, ಕೊನೆಗೆ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲೆ ಕತ್ತರಿಸಬೇಕೆಂದರು. ಅಪ್ಪ ಸಾಯುವುದಕ್ಕೆ ಹೆದರುವ ಆಸಾಮಿ ಅಲ್ಲ. ಅವನ ಚಿಂತೆ ಬೇರೆಯೇ ಇತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕಾಲು ಮಡಚಿ ಚಕ್ಕಳಮಕ್ಕಳ ಕೂರಿಸಿ ಮಣ್ಣು ಮಾಡುತ್ತೇವೆ. ಆಪರೇಷನ್ನಿನ ಹಿಂದಿನ ದಿನ ಅವನು ನನ್ನ ಕೈ ಹಿಡಿದುಕೊಂಡ.

"ಒಂದ ಕಾಲಿನವ ಹ್ಯಾಂಗ ಕುಂದರತಾನಲೇ? ಒಂದ ಕಡೀಗೆ ವಾಲತೀನಿ. ಅದನ್ನ ಬಳಗಾನೂರು ಹೊಲದಾಗ ಮುಚ್ಚಿಡು, ಗುರುತು ಇಟ್ಕೋ. ನಾ ಹೋದ ದಿನ ತಂದು ನನ್ನ ಜೋಡಿ ಕೂಡ್ಸು. ಮತ್ತ ಹೊರೂವಾಗ ಪಾದ ಮುಂದ ಇರಲಿ. ಹಿಂದ ಮಾಡಿದ್ರ ಅದು ತಿರುಗಿ ದವಾಖಾನಿಗೇ ನಡದಂಗ ಆಗತದ."

ಆಸ್ಪತ್ರೆಯವರು ಸಹಿ ಹಾಕಿಸಿಕೊಂಡು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಚೀಲಕ್ಕೆ ಹಾಕಿಕೊಂಡು, ಬಸ್ಸಿನಲ್ಲಿ ಯಾರ ಮುಖವನ್ನೂ ನೋಡದೆ, ಪಾದ ಮುಂದೆ ಮಾಡಿಕೊಂಡೇ ಹೋದೆ. ಬಳಗಾನೂರಿನ ಎರಡು ಎಕರೆ ಅಪ್ಪ ತಾನೇ ದುಡಿದು ಕೊಂಡ ಕಾಲುವೆ ನೀರಿನ ಜಮೀನು. ಮೂಡಣದ ಬದುವಿನಿಂದ ಹನ್ನೊಂದು ಹೆಜ್ಜೆ ಎಣಿಸಿ, ಗುಂಡಿ ತೆಗೆದು, ಮುಚ್ಚಿ, ಕೈಮುಗಿದು ಬಂದೆ.

ಅಲ್ಲೇ ನನ್ನ ದಡ್ಡತನ. ನಾವು ಮೂಲದಲ್ಲಿ ಸಂತೆಕಲ್ಲೂರಿನ ಒಣಬೇಸಾಯದ ಮಂದಿ. ನಮ್ಮ ಜೋಳದ ಹೊಲದ ಬದು ಮುತ್ತಜ್ಜನ ಕಾಲದಲ್ಲಿ ಎಲ್ಲಿತ್ತೋ ಇವತ್ತೂ ಅಲ್ಲೇ ಇದೆ. ಬದುವಿಗೆ ಕೈ ಹಚ್ಚಿದರೆ ತಲೆ ಒಡೆದಾಡುತ್ತಾರೆ. ಬದು ಎಂದರೆ ಅಲ್ಲಾಡದ್ದು ಎಂದೇ ನಾನು ತಿಳಿದಿದ್ದೆ. ಭತ್ತದ ಸೀಮೆಯಲ್ಲಿ ಹಾಗಲ್ಲ. ನೀರು ಸಮನಾಗಿ ನಿಲ್ಲಲೆಂದು ಅವರು ಮಡಿ ಕೆಡವುತ್ತಾರೆ, ಬದು ಕಿತ್ತು ಬೇರೆ ಕಡೆ ಹಾಕುತ್ತಾರೆ. ಮರುವರ್ಷ ಬೇಸಿಗೆಯಲ್ಲಿ ಹೋಗಿ ನೋಡಿದರೆ ಎರಡೂ ಎಕರೆ ಕೇರಂ ಬೋರ್ಡಿನಂತೆ ಸಪಾಟಾಗಿತ್ತು. ಜಮೀನನ್ನು ಗುತ್ತಿಗೆಗೆ ಹಿಡಿದಿದ್ದ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ರೈತ ಖುಷಿಯಿಂದ ಕೈ ಬೀಸಿ ತೋರಿಸಿದ.

"ಮಿಷನ್ ಹಚ್ಚಿ ಲೆವೆಲ್ ಕೊಟ್ಟೀವಿ ಸಾರು. ಚೂಡಂಡಿ, ಒಂದ ಹನಿ ನೀರು ಸೈತ ಹೆಚ್ಚುಕಮ್ಮಿ ನಿಲ್ಲಂಗಿಲ್ಲ."

ಕಾಲಿನ ವಿಷಯ ಅವನಿಗೆ ತಿಳಿಸಿಯೇ ಇರಲಿಲ್ಲ. ಮನೆಗೆ ಬಂದೆ. "ಗುರುತು ಐತೇನು?" ಎಂದು ಅಪ್ಪ ಕೇಳಿದ. "ಐತಿ" ಎಂದೆ. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಕಷ್ಟವಾಗುವುದಿಲ್ಲ. ಹೊಲ ನೋಡಬೇಕೆಂದು ಅವನು ಅಂದಾಗಲೆಲ್ಲ ಕೆಸರು, ಬಿಸಿಲು, ಗಾಡಿ ಸಿಗುವುದಿಲ್ಲ ಎಂದು ಏನಾದರೊಂದು ನೆಪ ಹೇಳುತ್ತ ಬಂದೆ.

ಆದರೆ ಕಾಲು ಸುಮ್ಮನಿರಲಿಲ್ಲ. ಇಲ್ಲದ ಕಾಲು ತುರಿಸುತ್ತದೆ, ನೋಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಅದಕ್ಕೆ ನಾವು ಹೆದರಲಿಲ್ಲ. ಹೆದರಿದ್ದು ಬೇರೆಯದಕ್ಕೆ. ಒಂದು ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದ ಅಪ್ಪ ತಟ್ಟನೆ ಬಸಿ ಕೆಳಗಿಟ್ಟ. "ಎಡಗಾಲು ನೀರಾಗ ನಿಂತಂಗ ಆಗ್ಯಾದ. ತಂಪು ಹತ್ತೇದ" ಎಂದ. ಮಧ್ಯಾಹ್ನ ರೈತನ ಫೋನು ಬಂತು: ಕಾಲುವೆಗೆ ನೀರು ಬಿಟ್ಟಿದ್ದಾರೆ, ಬೆಳಿಗ್ಗೆಯೇ ಹೊಲಕ್ಕೆ ಕಟ್ಟಿಕೊಂಡೆ ಎಂದ. ನಾಟಿಯ ವಾರದಲ್ಲಿ ಅಪ್ಪ, "ಯಾರೋ ಅದರ ಮ್ಯಾಲೆ ಅಡ್ಡಾಡಾಕತ್ತ್ಯಾರ, ಹೆಣ್ಣಮಕ್ಕಳಿದ್ದಂಗ ಅದಾರ, ಕಾಲು ಹಗುರ ಅದಾವ" ಎಂದ. ನಾಟಿ ಮಾಡುವವರು ಹೆಂಗಸರೇ. ಅವ್ವ ನನ್ನ ಮುಖ ನೋಡಿದಳು. ನಾನು ಚಹಾದ ಬಸಿ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಇಂಥ ಮನೆಗೆ ನಾನು ಜಿಗಿಯುವ ಕಾಲುಗಳನ್ನು ತಂದಿದ್ದೆ. ಬುದ್ಧಿ ಇತ್ತೇ ಎಂದು ಕೇಳಿದರೆ ಇರಲಿಲ್ಲ. ಯೂರಿಯಾ ಚೀಲವನ್ನು ಅಂದೇ ಬಿಸಾಕಿ, ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಎರಡು ಪಟ್ಟಿ ಮಾಡಿ, ಶಾಲೆಯ ಮಕ್ಕಳು ಬ್ಯಾಗು ಹಾಕಿಕೊಂಡಂತೆ ಮರಗಾಲುಗಳನ್ನು ಬೆನ್ನಿಗೆ ಬಿಗಿದುಕೊಂಡೆ. ಭಾರ ಸರಿಯಾಗಿ ಕೂತಿತು. ಟ್ಯೂಬು ಹಿಗ್ಗಿ ಕುಗ್ಗುವಾಗ ಮಾತ್ರ ಗೊರಸುಗಳು ಒಂದರ ಹಿಂದೊಂದು ಬೆನ್ನು ತಟ್ಟುತ್ತಿದ್ದವು. ಹೊಸ್ತಿಲು ದಾಟುತ್ತಿದ್ದಂತೆ ಒಳಗಿನಿಂದ ಅಪ್ಪನ ದನಿ ಬಂತು.

"ಯಾರು ಬಂದ್ರು?"

"ನಾನಪ್ಪಾ."

"ಜೋಡಿ ಯಾರು ಬಂದಾರ? ಇಬ್ಬರು ನಡದಂಗ ಕೇಳಿತು. ಒಳಗ ಕರಿ, ಬಾಗಲದಾಗ ನಿಲ್ಲಸಬ್ಯಾಡ."

ಅವತ್ತಿನಿಂದ ಅವನ್ನು ಹೊರಗೇ ಬಿಚ್ಚಿ, ಕಳ್ಳನ ಹಾಗೆ ಕೈಯಲ್ಲಿ ಎತ್ತಿಕೊಂಡು ಒಳಗೆ ಬರತೊಡಗಿದೆ.

ಕೊನೆಗೆ ಅವ್ವನೇ ಉಪಾಯ ಮಾಡಿದಳು. ಅಪ್ಪ ಮೊದಲಿನಿಂದಲೂ ಬಿಳಿ ಪಾಯಜಾಮ ಹಾಕುವವನು. ಕಾಲು ಹೋದ ಮೇಲೆ ಅವ್ವ ಎಲ್ಲ ಪಾಯಜಾಮಗಳ ಎಡಗಾಲನ್ನು ಕತ್ತರಿಸಿ, ಬಾಯಿ ಹೊಲಿದು, ತುಂಡುಗಳನ್ನು ಎಸೆಯಲು ಮನಸ್ಸಾಗದೆ ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದಳು. ಅವನ್ನು ಎರಡೆರಡು ಪದರ ಮಾಡಿ ಕೌದಿ ಹೊಲಿದಂತೆ ಒತ್ತೊತ್ತಾಗಿ ಹೊಲಿದು, ಪಾದದ ಕಡೆ ಮುಚ್ಚಿ, ಎರಡು ಉದ್ದನೆಯ ಚೀಲ ಮಾಡಿದಳು. ಅವೆರಡರ ಬಾಯಿಗೆ ಅಡ್ಡ ಪಟ್ಟಿ ಕೂಡಿಸಿ ಹೆಗಲಿಗೆ ಹಾಕುವಂತೆ ಮಾಡಿಕೊಟ್ಟಳು. ಅಳತೆ ತೆಗೆದಂತೆ ಮರಗಾಲುಗಳು ಒಳಗಿಳಿದವು. ಒಂದಕ್ಕೊಂದು ತಾಗಲಿಲ್ಲ, ಸದ್ದಿಲ್ಲ, ಬಸ್ಸಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ನನಗಷ್ಟೇ ಗೊತ್ತು, ಎರಡೂ ಎಡಗಾಲುಗಳು.

ಆ ಚೀಲವನ್ನು ನಡುಮನೆಯ ಮೊಳೆಗೆ ನೇತು ಹಾಕುತ್ತಿದ್ದೆ. ಗಾಳಿ ಇಲ್ಲದಾಗಲೂ ಅದು ಸಣ್ಣಗೆ ಅಲ್ಲಾಡುತ್ತಿತ್ತು, ಇಲ್ಲವೇ ನನಗೆ ಹಾಗೆ ಕಾಣುತ್ತಿತ್ತು. ಅಪ್ಪ ಮಂಚದ ಮೇಲಿಂದ ಅದನ್ನೇ ನೋಡುತ್ತ ಮಲಗುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನ ಅದನ್ನು ತಾ ಎಂದ. ತೊಡೆಯ ಮೇಲೆ ಇಟ್ಟುಕೊಂಡು ಮೇಲಿನಿಂದ ಕೆಳಗೆ ಕೈಯಾಡಿಸಿದ. ಆಮೇಲೆ ಬಟ್ಟೆಯ ಮೇಲಿನ ಕಣ್ಣು ಕೀಳದೆ ಕೇಳಿದ.

"ಹೊಲದಾಗಿಂದು ಸಿಗಂಗಿಲ್ಲಲಾ?"

ನಾಲ್ಕೈದು ವರ್ಷ ಕಟ್ಟಿ ನಿಲ್ಲಿಸಿದ್ದು ಆ ಒಂದು ಮಾತಿಗೆ ಕುಸಿಯಿತು. ಬದು, ಹನ್ನೊಂದು ಹೆಜ್ಜೆ, ಮಿಷನ್ನು, ಎಲ್ಲ ಹೇಳಿಬಿಟ್ಟೆ. ಅತ್ತುಬಿಟ್ಟೆ ಕೂಡ. ಅಪ್ಪ ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನನಗ ಖಬರ್ ಅದ" ಎಂದ. "ಆ ವರ್ಷ ಬ್ಯಾಸಿಗ್ಯಾಗ ಅದು ಜಾಗಾ ಬಿಡ್ತು. ಎಳಕೊಂಡು ಹೋದಂಗ ಆತು. ಈಗ ಪಡುವಲ ಮೂಲ್ಯಾಗ ಅದ, ನೀರು ಹೊರಗ ಬೀಳೂ ತೂಬಿನ ಬಾಜೂಕ. ಅಲ್ಲಿ ಹಗಲೆಲ್ಲ ನೀರಿನ ಸಪ್ಪಳ."

ಅವನು ಚೀಲದ ಒಂದು ಬದಿಯನ್ನು ಮೆಲ್ಲಗೆ ತಟ್ಟಿದ.

"ಕಾಲು ಸಿಗದಿದ್ರ ಬಿಡು. ಇದರಾಗ ಅಲ್ಲಿ ಮಣ್ಣು ತುಂಬಿ ತಾ. ನನ್ನ ಸೊಟ್ಟ ಕೂಡ್ಸಬ್ಯಾಡ್ರಿ, ಅಷ್ಟ ಸಾಕು."

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅಪ್ಪ ಹೋದ. ಹೇಳುವುದನ್ನೆಲ್ಲ ಮೊದಲೇ ಹೇಳಿ ಮುಗಿಸಿದ್ದ. ಅವ್ವ ಅಳುತ್ತಲೇ ಚೀಲವನ್ನು ಮೊಳೆಯಿಂದ ಇಳಿಸಿ, ಮರಗಾಲುಗಳನ್ನು ಹೊರಗೆಳೆದು, ಕತ್ತರಿಯಿಂದ ನಡುವಿನ ಪಟ್ಟಿ ಕತ್ತರಿಸಿ ಒಂದು ಚೀಲವನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ಮೊಳೆಗೇ ನೇತು ಹಾಕಿದಳು. ಕಾಕಾನ ಬೈಕು ತೆಗೆದುಕೊಂಡು ಬಳಗಾನೂರಿಗೆ ಹೋದೆ. ಕೊಯ್ಲಾದ ಹೊಲ ಬೋಳಾಗಿತ್ತು. ಪಡುವಣ ಮೂಲೆಯಲ್ಲಿ, ತೂಬಿನ ಪಕ್ಕದಲ್ಲಿ, ನೆಲ ಇನ್ನೂ ಹಸಿಯಾಗಿತ್ತು. ಎಲ್ಲ ಕಡೆ ಬಿರುಕು ಬಿಟ್ಟ ಎರೆಮಣ್ಣು, ಅಲ್ಲಿ ಮಾತ್ರ ಹಸಿ. ಮೊಣಕಾಲೂರಿ ಸಲಿಕೆ ಹಾಕಿದೆ. ಮೊದಲ ಮೂರು ಸಲ ಮಣ್ಣು ಬೆಣ್ಣೆಯಂತೆ ಬಂತು. ನಾಲ್ಕನೆಯ ಸಲ ಸಲಿಕೆಗೆ ಏನೋ ತಾಗಿತು. ಕಲ್ಲು ತಾಗಿದಾಗಿನ ಸದ್ದು ನನಗೆ ಗೊತ್ತು, ಇದು ಆ ಸದ್ದಲ್ಲ.

ನಾನು ಬಗ್ಗಿ ನೋಡಲಿಲ್ಲ. ಮುಖ ಕಾಲುವೆಯ ಕಡೆ ತಿರುಗಿಸಿ, ಸಲಿಕೆಗೆ ಬಂದಿದ್ದನ್ನೆಲ್ಲ ಬಂದ ಹಾಗೇ ಚೀಲಕ್ಕೆ ಸುರಿದೆ, ತುಂಬಿದ ಮೇಲೆ ಬಾಯಿ ಕಟ್ಟಿದೆ. ಎತ್ತಿ ಹೆಗಲಿಗೆ ಹಾಕಿಕೊಂಡಾಗ ಅದು ನಡುವೆ ಮಡಚಿಕೊಂಡು, ಅರ್ಧ ಬೆನ್ನಿಗೆ, ಅರ್ಧ ಎದೆಗೆ ಬಂದು, ತನ್ನಷ್ಟಕ್ಕೇ ಸರಿಯಾಗಿ ಕೂತಿತು. ಎರಡು ವರ್ಷ ಹಗ್ಗ, ಚೀಲ, ಟ್ಯೂಬು ಎಂದು ನಾನು ಒದ್ದಾಡಿದ್ದು ಇಷ್ಟಕ್ಕೇ. ಪಾದದ ಕಡೆಯನ್ನು ಎದೆಯ ಮೇಲೆ ಹಿಡಿದುಕೊಂಡು, ಒಂದೇ ಕೈಯಲ್ಲಿ ಬೈಕು ನಡೆಸಿಕೊಂಡು ಮಸ್ಕಿ ಮುಟ್ಟಿದೆ.

ಮಧ್ಯಾಹ್ನ ಅಪ್ಪನನ್ನು ಗುಂಡಿಯಲ್ಲಿ ಕೂರಿಸಿದರು. ಬಲಗಾಲು ಮಡಚಿ, ಅದರ ಮೇಲೆ ಪಾಯಜಾಮದ ಕಾಲನ್ನು ಮಡಚಿಟ್ಟೆವು. ಅದು ಎಲ್ಲಿ ಮಡಚಬೇಕೋ ಅಲ್ಲೇ ಮಡಚಿಕೊಂಡಿತು. ಎರಡೂ ಮಂಡಿಗಳು ಸಮ ಬಂದವು. ಅಪ್ಪ ಯಾವ ಕಡೆಗೂ ವಾಲಲಿಲ್ಲ. "ಈಗ ಪೂರಾ ಕುಂತಾನ ನೋಡು" ಎಂದ ಕಾಕಾ, ಮೂಗು ಒರೆಸಿಕೊಳ್ಳುತ್ತ.

ಸ್ನಾನ ಮುಗಿಸಿ ಬಂದಾಗ ಅವ್ವ ನಡುಮನೆಯಲ್ಲಿ ಕೂತಿದ್ದಳು. ಗೋಡೆಗೆ ಒರಗಿಸಿದ ಮರಗಾಲುಗಳನ್ನು ಒಂದು ಸಲ, ಮೊಳೆಗೆ ನೇತುಬಿದ್ದ ಒಂಟಿ ಚೀಲವನ್ನು ಒಂದು ಸಲ ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಅದರಾಗ ಬರೇ ಮಣ್ಣ ಇತ್ತೇನು?"

"ನಾ ನೋಡಲಿಲ್ಲವ್ವಾ" ಎಂದೆ. "ಪಾದ ಮುಂದ ಮಾಡೇ ಹೊತಗೊಂಡು ಬಂದೀನಿ."