ಉಪ್ಪು, ನೆಬಿಸಮ್ಮ ಹೇಳುವಷ್ಟು

ನನ್ನ ಅಡುಗೆ ಪುಸ್ತಕದ ಒಂದು ಪುಟಕ್ಕೆ ಮೂಗು ತಾಗಿಸಿದರೆ ಈಗಲೂ ವಿನೆಗರ್ ವಾಸನೆ ಬರುತ್ತದೆ. ಈ ಸಲ ಈಸ್ಟರಿನ ಹಿಂದಿನ ಶನಿವಾರ ಅದೇ ಪುಟ ತೆರೆದು ಕೂತಿದ್ದೆ. ಟರ್ಕಿ ಮಾಂಸ ಒಂದು ಕಿಲೋ, ಬೆಳ್ಳುಳ್ಳಿ, ಕಾಳುಮೆಣಸು, ಒಣಮೆಣಸು, ವಿನೆಗರ್, ಎಲ್ಲದಕ್ಕೂ ಅಳತೆ ಇದೆ. ಕೊನೆಯ ಸಾಲನ್ನು ಮಾತ್ರ ಅಮ್ಮ ಹೇಳಿದ ಹಾಗೆಯೇ ಬರೆದುಕೊಂಡಿದ್ದೇನೆ: "ಉಪ್ಪು, ನೆಬಿಸಮ್ಮ ಹೇಳುವಷ್ಟು." ಇಂಥ ಅಳತೆ ಇಟ್ಟುಕೊಂಡು ಯಾರಾದರೂ ಅಡುಗೆ ಮಾಡುವುದುಂಟೇ, ನೀವೇ ಹೇಳಿ.

ನಮ್ಮದು ಮುಳ್ಳೇರಿಯದ ಹತ್ತಿರ ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಈಸ್ಟರ್ ಬೆಳಿಗ್ಗೆ ಹಂದಿ ಮಾಂಸದ ಸಾಸೇಜ್ ಇಲ್ಲದಿದ್ದರೆ ಅಪ್ಪನಿಗೆ ಅದು ಹಬ್ಬವೇ ಅಲ್ಲ. ಅವರ ಎದೆಯ ಆಪರೇಷನ್ ಆದ ಮೇಲೆ ಡಾಕ್ಟರು ಹಂದಿ ಬೇಡವೆಂದರು. ಅಪ್ಪ ಮುಖ ಊದಿಸಿಕೊಂಡು ಕೂತರು. ಅಮ್ಮ ಜಗಳಕ್ಕೆ ಹೋಗಲಿಲ್ಲ. ಪೆರ್ಲದಿಂದ ಬಸ್ಸಿನಲ್ಲಿ, ಬುಟ್ಟಿಯೊಳಗೆ ಎರಡು ಟರ್ಕಿ ಮರಿ ತಂದಳು. ಅವು ಬೆಳೆದು ಪೋಸ್ಟ್‌ಮ್ಯಾನನ್ನು ಗೇಟಿನಿಂದಲೇ ಓಡಿಸತೊಡಗಿದವು. ನನ್ನನ್ನೂ ಒಮ್ಮೆ ಓಡಿಸಿವೆ. ಅದರ ವಿವರ ಬೇಡ.

ಕರುಳಿಗೆ ತುಂಬಿಸುವ ರಗಳೆಯೇ ಬೇಡವೆಂದು ಅಮ್ಮ ಮಾಂಸ ಕೊಚ್ಚಿ, ಮಸಾಲೆ ಕಲಸಿ, ವಡೆಯ ಹಾಗೆ ಅಂಗೈಯಲ್ಲಿ ತಟ್ಟುತ್ತಿದ್ದಳು. ಟರ್ಕಿಯಲ್ಲಿ ಕೊಬ್ಬು ಕಡಿಮೆ, ಬಾಣಲೆಗೆ ಹಾಕಿದರೆ ಪುಡಿಯಾಗುತ್ತದೆ. ಅದಕ್ಕೆ ಸ್ವಲ್ಪ ನೆನೆಸಿದ ಬ್ರೆಡ್ಡು. ಹಸಿ ಮಾಂಸವನ್ನು ನಾಲಗೆಗೆ ಹಚ್ಚುವ ಹಾಗಿಲ್ಲ, ಒಂದು ಚಿಕ್ಕ ಉಂಡೆ ಹುರಿದು ರುಚಿ ನೋಡಬೇಕು. ಆದರೆ ಈಸ್ಟರಿಗೆ ಮೊದಲಿನ ತಪಸ್ಸುಕಾಲ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ. ಮಸಾಲೆ ಹಿಡಿಯಲು ಒಂದು ರಾತ್ರಿ ಇಡಲೇಬೇಕಾದ್ದರಿಂದ ಕಲಸುವುದೋ ಶನಿವಾರವೇ.

ಹೀಗಾಗಿ ರುಚಿ ನೋಡುವ ಕೆಲಸ ಬೇಲಿಯಾಚೆಯ ನೆಬಿಸಮ್ಮನಿಗೆ ಬಂತು. ಅವರದು ಬ್ಯಾರಿ ಮುಸ್ಲಿಮರ ಮನೆ. ಹಂದಿ ಬೇಯುವ ದಿನಗಳಲ್ಲಿ ಅಮ್ಮ ಆ ಕಡೆಯ ಕಿಟಕಿ ಮುಚ್ಚುತ್ತಿದ್ದಳು. ಟರ್ಕಿಯನ್ನು ಮಾತ್ರ ನೆಬಿಸಮ್ಮನ ಗಂಡನೇ ಬಿಸ್ಮಿ ಹೇಳಿ ಕೊಯ್ದು ಕೊಡುತ್ತಿದ್ದರು; ಈಗಲೂ ಅವರೇ. ಅಮ್ಮ ಬಾಳೆಲೆ ಚೂರಿನಲ್ಲಿ ಬಿಸಿ ಉಂಡೆ ಇಟ್ಟು ಬೇಲಿಯಾಚೆ ಚಾಚುವಳು. ನೆಬಿಸಮ್ಮ ಕಣ್ಣು ಮುಚ್ಚಿ ಅಗಿದು, "ಉಪ್ಪು ಸಾಲದು ಮಾರಾಯ್ತಿ" ಎನ್ನುವರು. ಅಮ್ಮ ಮತ್ತೆ ಕಲಸುವಳು. ಕೆಲವು ವರ್ಷ ನಾಲ್ಕು ಸಲ. ಮೊದಲ ಈಸ್ಟರಿಗೆ ಅಪ್ಪ ಒಂದು ತಿಂದರು, ಮರುವರ್ಷ ಐದು.

ಅಮ್ಮ ತೀರಿಕೊಂಡ ಮೇಲೆ ಎರಡು ಈಸ್ಟರಿಗೆ ನಾನೇ ಮಾಡಿದೆ, ಡಿಜಿಟಲ್ ತಕ್ಕಡಿ ಇಟ್ಟುಕೊಂಡು, ದೊಡ್ಡ ವಿಜ್ಞಾನಿಯ ಹಾಗೆ. ಅಪ್ಪ "ಒಳ್ಳೆದುಂಟು" ಎಂದು ಹೇಳಿ ತಟ್ಟೆಯ ಅಂಚಿಗೆ ಸರಿಸಿದರು. ನೆಬಿಸಮ್ಮನಲ್ಲಿಗೆ ಹೋಗಬಹುದಿತ್ತು. ಬಾಳೆಲೆ ಹಿಡಿದು ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲುವುದೆಂದರೆ ನನಗೆ ಅಳು ಬರುತ್ತಿತ್ತು, ಅಷ್ಟೆ. ಈ ಸಲವೂ ತಪ್ಪಿದರೆ ಅಮ್ಮನ ಕೈರುಚಿ ನಮ್ಮ ಮನೆಯಿಂದ ಹೋದ ಹಾಗೆಯೇ ಎಂದು ಹೆದರಿಕೆಯಾಯಿತು. ಮಾಂಸ ಕಲಸಿ, ಒಂದು ಉಂಡೆ ಹುರಿದುಕೊಂಡು ಹೋದೆ.

ಬೇಲಿಯ ಹತ್ತಿರ ನಿಂತ ಮೇಲೆ ನೆನಪಾಯಿತು: ರಂಜಾನ್ ತಿಂಗಳು. ಅವರಿಗೂ ಉಪವಾಸ.

ನೆಬಿಸಮ್ಮ ನಕ್ಕರು. "ನಿನಗೂ ಇಲ್ಲ, ನನಗೂ ಇಲ್ಲ. ಬಾಂಗು ಆಗಲಿ, ಬಂದು ಕೂತ್ಕೋ." ನಾನು ಹೋಗಿ ಕೂತ ಮೇಲೆ, "ಎಂತಕ್ಕೆ ಎರಡು ವರ್ಷ ಬರಲಿಲ್ಲ?" ಎಂದರು. ಉಂಡೆ ಆರುತ್ತಾ ಇತ್ತು, ನಾವಿಬ್ಬರೂ ಅದನ್ನು ನೋಡುತ್ತಾ ಕೂತೆವು.

ಮಸೀದಿಯಲ್ಲಿ ಬಾಂಗು ಆಯಿತು. ಅವರು ಖರ್ಜೂರ ತಿಂದು, ನೀರು ಕುಡಿದು, ಆಮೇಲೆ ನನ್ನ ಉಂಡೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಉಪ್ಪು ಸರಿ ಉಂಟು. ಬೆಲ್ಲ ಎಲ್ಲಿ?"

"ಅಮ್ಮ ಬೆಲ್ಲ ಹಾಕ್ತಿದ್ರಾ? ಪುಸ್ತಕದಲ್ಲಿ ಇಲ್ಲ."

"ಪುಸ್ತಕದಲ್ಲಿ ಹೇಗೆ ಇರ್ತದೆ? ಒಂದು ವರ್ಷ ಹುಳಿ ಹೆಚ್ಚಾಗಿತ್ತು, ನಾನು ಹೇಳಿ ಹಾಕಿಸಿದ್ದು. ಮತ್ತೆ ಪ್ರತಿ ವರ್ಷ ಅದೇ ಬಾಳೆಲೆಯಲ್ಲಿ ಒಂದು ತುಂಡು ಇಟ್ಟು ಕಳಿಸ್ತಿದ್ದೆ."

ಅಮ್ಮನದೇ ಎಂದುಕೊಂಡಿದ್ದ ರುಚಿಯಲ್ಲಿ ಅರ್ಧ ಬೇಲಿಯಾಚೆಯದಾಗಿತ್ತು. ನನಗೆ ಅಳು ಬಂತು; ಹೆದರಿದಷ್ಟು ಕಷ್ಟವಾಗಲಿಲ್ಲ. ಬಾಳೆಲೆಯಲ್ಲಿ ಬೆಲ್ಲದ ತುಂಡು ಹಿಡಿದು ಮನೆಗೆ ಬಂದು ಮತ್ತೆ ಕಲಸಿದೆ.

ಬೆಳಿಗ್ಗೆ ಅಪ್ಪ ಒಂದು ತಿಂದರು. ಇನ್ನೊಂದು ತೆಗೆದುಕೊಂಡರು. ಮೂರನೆಯದಕ್ಕೆ ಕೈ ಚಾಚಿದವರು ನಿಲ್ಲಿಸಿ ಕೇಳಿದರು: "ನೆಬಿಸಮ್ಮನಿಗೆ ಸಂಜೆಗೆ ತೆಗೆದಿಟ್ಟಿದ್ದೀಯಲ್ಲ?"

ಬೆಲ್ಲವನ್ನು ನಾನು ಪುಸ್ತಕದಲ್ಲಿ ಬರೆದುಕೊಂಡಿಲ್ಲ. ಬರೆದುಕೊಂಡರೆ ಬರುವ ವರ್ಷ ಬೇಲಿಯ ಹತ್ತಿರ ಹೋಗಲು ನೆವ ಎಲ್ಲಿರುತ್ತದೆ?