ಮೊಲದ ಹಾಜರಿ

ಕಳೆದ ಭಾನುವಾರ ಬಾಜೂಮನೆಯ ಸೊಸೆ ಒಂದು ತಗಡಿನ ಡಬ್ಬಿ ತಂದು ನಮ್ಮ ಕಟ್ಟೆಯ ಮೇಲಿಟ್ಟರು. ಹಿತ್ತಲು ಸ್ವಚ್ಛ ಮಾಡುವಾಗ ಸಿಕ್ಕಿತಂತೆ, ನಿಮ್ಮದೇ ಇರಬೇಕು ಎಂದರು. ಅದು ನಮ್ಮದಲ್ಲ, ಅವರ ಅತ್ತೆಯದು. ಹಾಗೆನ್ನದೆ ಇಟ್ಟುಕೊಂಡೆ. ಅವರು ಹೋದ ಮೇಲೆ ಮುಚ್ಚಳ ತೆಗೆದೆ. ತಳದಲ್ಲಿ ಕಡಲೆಕಾಳಿನಷ್ಟು ದಪ್ಪದ ಏಳೆಂಟು ಮೊಲದ ಹಿಕ್ಕೆಗಳು ಒಣಗಿ ಬಿದ್ದಿದ್ದವು. ಹಳೆಯ ಹುಲ್ಲಿನ ವಾಸನೆ ಬಂತು...

ನಮ್ಮ ಓಣಿಯಲ್ಲಿ ಎಲ್ಲರೂ ಆ ಅತ್ತೆಯನ್ನು ಅವ್ವಾರು ಎನ್ನುತ್ತಿದ್ದರು. ಮಗ, ಸೊಸೆ ಇಬ್ಬರೂ ಮೆಣಸಿನಕಾಯಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಅವ್ವಾರದು ಮೋಟೆಬೆನ್ನೂರು ಕಡೆಯ ತವರು; ಕುರಿ, ಆಡುಗಳ ನಡುವೆ ಬೆಳೆದವರು. ನಮ್ಮ ಬ್ಯಾಡಗಿಗೆ ಬಂದ ಮೇಲೆ ಉಳಿದದ್ದು ಹಿತ್ತಲಿನ ಸೇವಂತಿಗೆ ಕುಂಡಗಳು ಮಾತ್ರ. ನನ್ನ ಮಗಳು ಬಿಳಿಯ ಮೊಲವೊಂದನ್ನು ತಂದು ಹತ್ತಿ ಎಂದು ಹೆಸರಿಟ್ಟಾಗ ನಮಗಿಂತ ಹೆಚ್ಚು ಖುಷಿಯಾದದ್ದು ಅವರಿಗೆ. ಸೇವಂತಿಗೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ ಎಂದು ದಿನಾ ಬೆಳಿಗ್ಗೆ ಏಳಕ್ಕೆ ಆ ಡಬ್ಬಿ ಹಿಡಿದು ಬರುತ್ತಿದ್ದರು. ಗೂಡಿನ ಕೆಳಗೆ ಬಿದ್ದ ಹಿಕ್ಕೆಯನ್ನು ಒಂದೂ ಬಿಡದೆ ಆರಿಸಿಕೊಳ್ಳುತ್ತಿದ್ದರು. ಚಹಾ ಕೊಟ್ಟರೆ ಬೇಡ ಎನ್ನುತ್ತಿದ್ದರು.

ಈಗ ಒಂದು ಶಬ್ದದ ಬಗ್ಗೆ ಹೇಳಬೇಕು. ಸುಗ್ಗಿ ಶುರುವಾದರೆ ನಮ್ಮೂರ ಗಾಳಿಯಲ್ಲಿ ಮೆಣಸಿನಕಾಯಿಯ ಧೂಳು ಇದ್ದೇ ಇರುತ್ತದೆ. ತಲೆ ನೋಯಲಿ, ಕಣ್ಣು ಕೆಂಪಾಗಲಿ, ಕೂಸು ಅಳಲಿ, ಎಲ್ಲದಕ್ಕೂ ಉತ್ತರ ಒಂದೇ: ಘಾಟು. ಅಷ್ಟೆಂದರೆ ಮುಗಿಯಿತು, ಮುಂದೆ ಯಾರೂ ಕೇಳುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನೂ ಕೇಳಲಿಲ್ಲ.

ಎರಡು ವರ್ಷದ ಹಿಂದಿನ ಸುಗ್ಗಿ. ನಾನು ಶಾಲೆಗೆ ಹೊರಟು ಬೂಟು ಹಾಕುತ್ತಿದ್ದೆ. ಅವ್ವಾರು ಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತವರು ಏಳಲೇ ಇಲ್ಲ.

“ಮಾಸ್ತರ, ಇವತ್ತ ಇದು ಹಿಕ್ಕೀನ ಹಾಕಿಲ್ಲರಿ.”

ಘಾಟು ಹತ್ತಿರಬೇಕು ಎಂದೆ, ತಲೆ ಎತ್ತದೆ.

“ಘಾಟು ಹತ್ತಿದ್ರ ಸೀನಬೇಕಲ್ರಿ. ಇದು ಸೀನಾಕತ್ತಿಲ್ಲ, ಹಲ್ಲ ಕಡ್ಯಾಕತ್ತೈತಿ.”

ಹತ್ತಿ ಮೂಲೆಯಲ್ಲಿ ಮೈ ಮುದುಡಿಕೊಂಡು ಕುಳಿತಿತ್ತು. ರಾತ್ರಿ ಹಾಕಿದ ಸೊಪ್ಪು ಹಾಗೇ ಬಾಡಿತ್ತು. ಅದನ್ನು ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಲಾರೆ. ಸಂಜೆ ನೋಡೋಣ ಎಂದು ಸೈಕಲ್ ಹತ್ತಿದೆ.

ಮಧ್ಯಾಹ್ನದ ಊಟದ ಗಂಟೆಗೆ ಅವರು ಶಾಲೆಯ ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಹಳೆಯ ಸೀರೆಯ ತುಂಡು, ಅದರೊಳಗೆ ಮೊಲ. ನನಗೆ ಸಿಟ್ಟೇ ಬಂತು. ಇನ್ನೂ ಎರಡು ತರಗತಿಗಳಿದ್ದವು, ಮಕ್ಕಳು ಸುತ್ತ ಸೇರುತ್ತಿದ್ದರು. ಅವರು ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು:

“ಮಕ್ಕಳ ಹಾಜರಿ ದಿನಾ ತಗೋತೀರಿ. ಮನ್ಯಾಗಿನ ಮೊಲದ ಹಾಜರಿ ತಗೋಳಾಕ ಏನಾಗೇತ್ರಿ? ಕಿವಿ ಮುಟ್ಟಿ ನೋಡ್ರಿ.”

ಮುಟ್ಟಿದೆ. ಯಾವಾಗಲೂ ಬೆಚ್ಚಗಿರುತ್ತಿದ್ದ ಕಿವಿ ತಣ್ಣಗಿತ್ತು.

ಊರಿನ ದನದ ದವಾಖಾನೆಗೆ ಹೋದೆವು. ಡಾಕ್ಟರು ಎಮ್ಮೆಯೊಂದು ಕರು ಹಾಕಲಾರದೆ ಒದ್ದಾಡುತ್ತಿದೆಯೆಂದು ಹಳ್ಳಿಗೆ ಹೋಗಿದ್ದರು. ಅಲ್ಲಿದ್ದವನು ಮೊಲವನ್ನು ಮುಟ್ಟಲೂ ಹಿಂಜರಿದ, ರಾಣೆಬೆನ್ನೂರಿಗೆ ಹೋಗಿರಿ ಎಂದ. ಬಸ್‌ ಹೊರಡಲು ಅರ್ಧ ತಾಸು ಕಾಯಿಸಿತು. ನಾನು ಫೋನಿನಲ್ಲಿ ಅವರಿವರನ್ನು ಕೇಳುತ್ತಿದ್ದೆ. ಒಬ್ಬರು ಓಮಕಾಳು ಎಂದರು, ಇನ್ನೊಬ್ಬರು ನಕ್ಕರು. ಅವ್ವಾರು ಏನನ್ನೂ ಕುಡಿಸಲು ಬಿಡಲಿಲ್ಲ. ಕದರಮಂಡಲಗಿ ದಾಟುವಾಗ ಬಸ್ಸಿನಲ್ಲಿದ್ದವರೆಲ್ಲ ಆಂಜನೇಯನಿಗೆ ಕೈ ಮುಗಿದರು. ಎಂದೂ ತಪ್ಪಿಸದ ಅವ್ವಾರು ಅಂದು ತಲೆಯನ್ನಷ್ಟೇ ಬಾಗಿಸಿದರು. ಅವರ ಎರಡೂ ಕೈ ಮೊಲದ ಮೈ ಕೆಳಗಿದ್ದವು, ಬೆಚ್ಚಗಿರಲೆಂದು.

ರಾಣೆಬೆನ್ನೂರಿನ ಡಾಕ್ಟರು ಹೊಟ್ಟೆಯನ್ನು ಒತ್ತಿ ನೋಡುತ್ತ ಕೇಳಿದರು: ಕೊನೆಗೆ ತಿಂದದ್ದು ಯಾವಾಗ? ಹಿಕ್ಕೆ ಹಾಕಿದ್ದು ಯಾವಾಗ? ಹಲ್ಲು ಕಡಿಯುತ್ತದೆಯೇ? ನಾನು ಅವ್ವಾರ ಮುಖ ನೋಡಿದೆ. ಅವ್ವಾರು ಹೇಳುತ್ತ ಹೋದರು: ನಿನ್ನೆ ಬೆಳಿಗ್ಗೆಯ ಹಿಕ್ಕೆಯೇ ಸಣ್ಣದಾಗಿತ್ತು, ಸಂಜೆ ಮತ್ತೆ ಬಂದು ನೋಡಿದರೆ ಎರಡೇ ಎರಡು, ಇವತ್ತು ಇಲ್ಲ. ಡಾಕ್ಟರು ನನ್ನನ್ನು ಬಿಟ್ಟು ಅವರೊಂದಿಗೇ ಮಾತನಾಡತೊಡಗಿದರು. ಏನು ತಿನ್ನಿಸುತ್ತೀರಿ ಎಂದಾಗ ಹುಲ್ಲು, ಸೊಪ್ಪು ಎಂದೆ.

“ಮಾಸ್ತರು ಚಹಾದ ಕೂಡ ಬಿಸ್ಕೀಟನೂ ಹಾಕ್ತಾರ್ರಿ,” ಎಂದರು ಅವ್ವಾರು. “ದಿನಾ. ನಾ ನೋಡೇನಿ.”

ಕರುಳಿನ ಓಟ ನಿಂತಿದೆ ಎಂದರು ಡಾಕ್ಟರು. ಮೊಲ ನೋವನ್ನು ತೋರಿಸಿಕೊಳ್ಳುವುದಿಲ್ಲ. ತಿನ್ನುವುದು, ಹಿಕ್ಕೆ ಹಾಕುವುದು ನಿಂತರೆ ಅದೇ ಅದರ ಕೂಗು, ಸಂಜೆಯವರೆಗೂ ಕಾಯಬಾರದು, ನಾಳೆ ತಂದಿದ್ದರೆ ನನ್ನಿಂದ ಏನೂ ಆಗುತ್ತಿರಲಿಲ್ಲ ಎಂದರು. ಚರ್ಮದ ಕೆಳಗೆ ನೀರು ಏರಿಸಿದರು, ನೋವಿಗೆ ಇಂಜೆಕ್ಷನ್ ಕೊಟ್ಟರು. ಇನ್ನು ಮೇಲೆ ಹುಲ್ಲೇ ಮುಖ್ಯ ಊಟವಾಗಿರಲಿ ಎಂದರು. ಸೂಜಿಯಿಲ್ಲದ ಸಿರಿಂಜಿನಿಂದ ಸ್ವಲ್ಪ ಸ್ವಲ್ಪ ತಿನ್ನಿಸುವುದನ್ನು ಅವ್ವಾರಿಗೇ ಕಲಿಸಿದರು. ನನಗಲ್ಲ.

ಮೂರನೆಯ ದಿನ ಬೆಳಿಗ್ಗೆ ಅವರು ಡಬ್ಬಿಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ತಳದಲ್ಲಿ ನಾಲ್ಕು ಹಿಕ್ಕೆ, ಸಾಸಿವೆಗಿಂತ ತುಸು ದೊಡ್ಡವು.

“ಹಾಜರ ಐತಿ, ಬರಕೋರ್ರಿ ಮಾಸ್ತರ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಡಬ್ಬಿ ಕಟ್ಟೆಯ ಮೇಲಿದೆ.

ಹೋದ ಸುಗ್ಗಿಯ ಒಂದು ಸೋಮವಾರ, ಪೇಟೆಯ ದಿನ. ಮಗ, ಸೊಸೆ ಬೆಳಕು ಹರಿಯುವ ಮೊದಲೇ ಅಂಗಡಿಗೆ ಹೋಗಿದ್ದರು. ಅವ್ವಾರು ತಮ್ಮ ಕಟ್ಟೆಯ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಮ್ಮ ಗೂಡಿನತ್ತ ಬಂದಿರಲಿಲ್ಲ. ನಾನು ಸೈಕಲ್ ತಳ್ಳುತ್ತ ಮುಂದಿನಿಂದ ಹೋದೆ. ಆಡಿದ ಮಾತನ್ನು ಅಕ್ಷರ ಬಿಡದೆ ಬರೆಯುತ್ತೇನೆ.

“ನಿನ್ನಿಂದ ಉಣ್ಣಾಕ ಮನಸಾಗವಲ್ದು ಮಾಸ್ತರ. ರಟ್ಟಿ ಎಳದಂಗಾಗತೈತಿ.”

“ಘಾಟು ಇರಬೇಕ್ರಿ ಅವ್ವಾರ. ಇವತ್ತ ಗಾಡಿ ಭಾಳ ಬಂದಾವ.”

ಅವರು ವಾದ ಮಾಡಲಿಲ್ಲ. ಮೊಲದ ಪರವಾಗಿ ಮಾಡಿದಂತೆ ತಮ್ಮ ಪರವಾಗಿ ಮಾಡಲಿಲ್ಲ. ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದರು.

ಮಂಗಳವಾರ ಅವರು ಬರಲಿಲ್ಲ. ಬುಧವಾರವೂ ಬರಲಿಲ್ಲ. ಗೂಡಿನ ಕೆಳಗೆ ಎರಡು ದಿನದ ಹಿಕ್ಕೆ ಹಾಗೇ ಬಿದ್ದಿತ್ತು, ತುಂಬ. ಹೊತ್ತಾಗಿದೆ, ಇವರೊಬ್ಬರು ಬಂದಿಲ್ಲ ಎಂದು ಗೊಣಗುತ್ತ ನಾನೇ ಗುಡಿಸಿ ಗಟಾರಕ್ಕೆ ಚೆಲ್ಲಿದೆ. ನಡುವೆ ಒಂದೇ ಒಂದು ಗೋಡೆ. ಇಣುಕಿ ಕೇಳಲಿಲ್ಲ. ಬುಧವಾರ ಮಧ್ಯಾಹ್ನ ಅವರನ್ನು ಹಾವೇರಿಗೆ ಒಯ್ದರು. ಹೃದಯ ಎರಡು ದಿನದ ಹಿಂದೆಯೇ ಪೆಟ್ಟು ತಿಂದಿತ್ತಂತೆ. ಗುರುವಾರ ಅವರ ದೇಹವನ್ನು ಮನೆಗೆ ತಂದಾಗ ಓಣಿಯ ತುಂಬ ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ಸೀನುತ್ತಿದ್ದರು. ಯಾರೋ ಘಾಟು ಎಂದರು. ನಾನು ಎದ್ದು ಒಳಗೆ ಹೋದೆ.

ಹತ್ತಿ ಈಗಲೂ ಗಟ್ಟಿಯಾಗಿದೆ. ದಿನಾ ಏಳಕ್ಕೆ ನಾನೇ ಗೂಡಿನ ಮುಂದೆ ಕೂರುತ್ತೇನೆ, ಕಿವಿ ಮುಟ್ಟುತ್ತೇನೆ, ಹಿಕ್ಕೆ ನೋಡುತ್ತೇನೆ. ಇದನ್ನು ಚೆನ್ನಾಗಿ ಕಲಿತಿದ್ದೇನೆ. ಆ ಎರಡು ದಿನವೂ ಮೊಲದ್ದೆಲ್ಲ ಸರಿಯಾಗಿಯೇ ಇತ್ತು. ಗೈರುಹಾಜರಾದದ್ದು ಡಬ್ಬಿ.

ಅದನ್ನು ತೊಳೆದಿಡಲೇ ಎಂದು ಹೆಂಡತಿ ಕೇಳಿದಳು. ಬೇಡ ಎಂದೆ.